ಬಾಲ ಮುಂದಾದ ಮೀನು

ಹೆಗಲ ಮೇಲಿದ್ದ ಅಕ್ಕನ ಕೈ ಮತ್ತೊಮ್ಮೆ ಬಿಗಿಯಾಯಿತು, ಹಳ್ಳವೇನೂ ಇರಲಿಲ್ಲ, ರಸ್ತೆ ನುಣ್ಣಗೇ ಇತ್ತು, ಗಾಳಿಗೆ ಉಪ್ಪಿನ ವಾಸನೆ ಹತ್ತಿದ್ದಕ್ಕೇ ಇರಬೇಕು — ಸಮುದ್ರ ಬಂತೇನೋ, ಇಲ್ಲಕ್ಕ, ಇದು ಹಿನ್ನೀರು, ಸಮುದ್ರ ಇನ್ನೂ ಆಚೆ, ಅಂದ ಅವನು, ಅಂದವನ ಕಿವಿ ಮಾತ್ರ ಕೆಳಗೆ, ಹಿಮ್ಮಡಿಯ ಹಿಂದೆ, ಬೈಕಿನ ಚೈನಿನ ಸದ್ದಿನಲ್ಲಿ, ಸರಸರ, ಸರಸರ, ಏನೂ ತೊಂದರೆಯಿಲ್ಲ, ಹೊರಡುವ ಮುಂಚೆ ಮೂರು ಸಲ ನೋಡಿದ್ದಾನೆ, ಮೊಣಕಾಲೂರಿ, ಟಾರ್ಚ್ ಹಿಡಿದು, ಅಕ್ಕ ಬಾಗಿಲಲ್ಲಿ ನಿಂತು ನಕ್ಕಿದ್ದಳು, ಏನೋ ಅದು, ಹೆಣ್ಣು ನೋಡೋಕೆ ಬಂದವನ ಹಾಗೆ ನೋಡ್ತಿದ್ದೀಯ. ಹದಿನಾಲ್ಕು ತಿಂಗಳಾದ ಮೇಲೆ ಅಕ್ಕ ನಕ್ಕಿದ್ದು. ಬೈಕು ಭಾವನದೇ, ಮಾರಬೇಡ ಅಂದಳು ಅಕ್ಕ, ಅವನೇ ಕೂತು ಸೊಟ್ಟಗಾದ ಹ್ಯಾಂಡಲ್ ನೆಟ್ಟಗೆ ಮಾಡಿದ, ಟ್ಯಾಂಕಿನ ನೆಗ್ಗು ತೆಗೆದ, ಹೊಸ ಚೈನು ಹಾಕಿದ, ಹಾಳಾದದ್ದನ್ನೆಲ್ಲ ಸರಿ ಮಾಡಿದ, ಭಾವನೊಬ್ಬರನ್ನು ಬಿಟ್ಟು. ಭಾವ ಕನ್ನಡಕದ ವ್ಯಾಪಾರಿ, ತಿಂಗಳಿಗೊಮ್ಮೆ ಇದೇ ರಸ್ತೆಯಲ್ಲಿ ಹೋಗಿ, ಬಲೆ ಹೆಣೆದು ಹೆಣೆದು ಕಣ್ಣು ಸೋತವರಿಗೆ ಅಕ್ಷರದ ಹಲಗೆ ತೋರಿಸಿ, ನಂಬರು ಬರೆದುಕೊಂಡು, ದೋಣಿಗಳು ನಿಲ್ಲುವ ಕಟ್ಟೆಯ ಪಕ್ಕದ ಖಾನಾವಳಿಯಲ್ಲಿ ಊಟ ಮಾಡಿ, ಅಕ್ಕನಿಗೆಂದು ಹುರಿದ ಮೀನು ಕಟ್ಟಿಸಿಕೊಂಡು ಬರುತ್ತಿದ್ದರು, ಒಂದ್ಸಲ ಕರ್ಕೊಂಡು ಹೋಗ್ತೀನಿ ಕಣೇ, ಅಲ್ಲೇ ಕೂತು ಬಿಸಿಬಿಸಿ ತಿಂದ್ರೆ ನಿಂಗೆ ಗೊತ್ತಾಗತ್ತೆ — ಕರೆದುಕೊಂಡು ಹೋಗಲು ಆಗಲೇ ಇಲ್ಲ.

ಸೇತುವೆ ಬಂತು. ವೇಗ ತಾನಾಗಿಯೇ ಇಳಿಯಿತು, ಕೈ ಇಳಿಸಿತೋ ಮನಸ್ಸು ಇಳಿಸಿತೋ, ಎರಡೂ ಬದಿ ಬೂದು ನೀರು, ನೀರಿನಲ್ಲಿ ಗೂಟಗಳು, ಒಂದೊಂದು ಗೂಟದ ತುದಿಗೂ ಒಂದೊಂದು ಹಕ್ಕಿ, ಇಲ್ಲೇ ಅಲ್ವೇನೋ, ಹೂಂ, ಈ ಕಂಬದ ಹತ್ರ. ಅಕ್ಕನ ಕೈ ಈಗ ಹೆಗಲಿನ ಮೇಲಿಲ್ಲ, ಕಣ್ಣೊರೆಸಿಕೊಳ್ಳುತ್ತಿರಬೇಕು, ಗೊತ್ತು ಮುಂದಿನ ಮಾತು, ನೂರು ಸಲ ಕೇಳಿದ ಮಾತು — ನಾನೇ ಕಣೋ ಫೋನ್ ಮಾಡಿದ್ದು, ಬೇಗ ಬನ್ನಿ, ಆರಿದ ಮೀನು ನಾನು ಮುಟ್ಟಲ್ಲ ಅಂದೆ, ತಮಾಷೆಗಂದೆ, ಅದಕ್ಕೇ ಜೋರಾಗಿ ಬಂದ್ರು. ನೂರು ಸಲವೂ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಊರೆಲ್ಲ ಹೇಳಿದ್ದೂ ಅದನ್ನೇ, ಸ್ಪೀಡು, ಸ್ಪೀಡು, ಹಿಂದೆ ಲಾರಿ ಬೇರೆ ಇತ್ತಂತೆ, ಚೈನು ಕಳಚಿ ಗಾಲಿಗೆ ಸುತ್ತಿಕೊಂಡಿತ್ತು ಅಂದರೆ ಹಳೇ ಬೈಕು, ಏನು ಮಾಡೋಕಾಗತ್ತೆ, ಅಂದರು. ಹಳೇ ಬೈಕಂತೆ. ಆ ಬೆಳಿಗ್ಗೆ ಭಾವ ಗ್ಯಾರೇಜಿನ ಬಾಗಿಲಲ್ಲಿ ಗಡಿಯಾರ ನೋಡುತ್ತ, ಏನ್ ಡಾಕ್ಟ್ರೇ, ಪೇಶಂಟ್ ಬದುಕ್ತಾನಾ, ಐದೇ ನಿಮಿಷ ಭಾವ, ಸೀಮೆಎಣ್ಣೆಯಲ್ಲಿ ತೊಳೆದ ಚೈನನ್ನು ಹಲ್ಲುಗಳ ಮೇಲೆ ಹಾಯಿಸಿ, ಎರಡು ತುದಿ ಕೂಡಿಸಿ, ಕೊಂಡಿ ತೂರಿಸಿ, ಕೊಂಡಿಯ ಮೇಲೆ ಲಾಕು — ಉಗುರಿನಷ್ಟು ತಗಡು, ಥೇಟ್ ಮೀನು, ಒಂದು ಕಡೆ ದುಂಡು ತಲೆ, ಇನ್ನೊಂದು ಕಡೆ ಸೀಳಿದ ಬಾಲ. ಚೈನು ಓಡುವ ಕಡೆಗೆ ತಲೆ ಇರಬೇಕು, ಗ್ಯಾರೇಜಿಗೆ ಸೇರಿದ ಮೊದಲ ವಾರವೇ ಮೇಸ್ತ್ರಿ ತಲೆಗೆ ಮೊಟಕಿ ಹೇಳಿಕೊಟ್ಟಿದ್ದ, ಮೀನು ಬಾಲ ಮುಂದೆ ಮಾಡ್ಕೊಂಡು ಈಜೋದನ್ನ ಎಲ್ಲಾದ್ರೂ ಕಂಡಿದ್ದೀಯೇನೋ ಪೆದ್ದ, ಬಾಲ ಮುಂದಾದ್ರೆ ಏನಾದ್ರೂ ತಗುಲಿ ಕಿತ್ಕೊಂಡು ಹೋಗತ್ತೆ. ಯಾವಾಗಲೂ ಚೈನಿನ ಮೇಲಿನ ಸಾಲಿನಲ್ಲೇ ತುದಿ ಕೂಡಿಸುತ್ತಿದ್ದವನು ಅವತ್ತು ಅವಸರಕ್ಕೆ ಕೆಳಗಿನ ಸಾಲಿನಲ್ಲಿ ಕೂಡಿಸಿದ, ಮೀನಿನ ತಲೆ ಬೈಕಿನ ಮುಂದಕ್ಕೆ, ಕೈ ಅಭ್ಯಾಸದಂತೆ. ಮೇಲಿನ ಸಾಲು ಮುಂದಕ್ಕೆ ಓಡುತ್ತದೆ. ಕೆಳಗಿನದು ಹಿಂದಕ್ಕೆ, ಅಲ್ಲಿ ಬಾಲವೇ ಮುಂದು. ಹನ್ನೆರಡು ವರ್ಷ ಇದನ್ನೇ ತಿಂದುಂಡವನು ಅವನು. ಭಾವ ಹೋದ ಮೂರನೆಯ ದಿನ ಯಾರದೋ ಬೈಕಿನ ಮುಂದೆ ಕೂತು ಲಾಕು ಹಾಕಲು ಹೋದಾಗ ಕೈ ನಿಂತೇ ಹೋಯಿತು, ನೆನಪಾಯಿತು, ಕಣ್ಣಿಗೆ ಕಟ್ಟಿದ ಹಾಗೆ. ಅವತ್ತಿನಿಂದ ಭಾವನ ಲಾಕು ಬಂದ ಪೊಟ್ಟಣದ್ದೇ ಇನ್ನೊಂದು ಲಾಕು ಅವನ ಅಂಗಿಯ ಜೇಬಿನಲ್ಲಿದೆ.

ಖಾನಾವಳಿಯಲ್ಲಿ ನಾಲ್ಕೇ ಮೇಜು, ಕಿಟಕಿಯಾಚೆ ದೋಣಿಗಳ ಮೂತಿ, ಒಲೆಯ ಮುಂದಿನ ಹೆಂಗಸು ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಹೊರಗಿನ ಬೈಕು ನೋಡಿದಳು, ಅಕ್ಕನನ್ನೇ ನೋಡಿದಳು, ಕನ್ನಡಕದೋರ ಮನೆಯೋರಾ, ಅಯ್ಯೋ ತಾಯಿ, ಇದು ಅವರು ಕೊಟ್ಟಿದ್ದೇ, ಈಗ ಕೂದಲಷ್ಟು ಮುಳ್ಳೂ ಕಾಣತ್ತೆ ನಂಗೆ, ಕೂತ್ಕೊಳ್ಳಿ, ಕೂತ್ಕೊಳ್ಳಿ. ಅನ್ನ, ಸಾರು, ಬಿಳಿ ತಟ್ಟೆಯಲ್ಲಿ ಬಾಣಲೆಯಿಂದ ಈಗಷ್ಟೇ ಎದ್ದ ಮೀನು, ಇನ್ನೂ ಚುರುಗುಟ್ಟುತ್ತಿದೆ. ಅಕ್ಕ ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದಳು, ಹೌದು ಕಣೋ, ಬಿಸಿಯಾಗಿದ್ರೆ ರುಚಿನೇ ಬೇರೆ, ಸುಳ್ಳು ಹೇಳಿರಲಿಲ್ಲ ಅವರು, ನಾನು ಹಾಗನ್ನಬಾರದಿತ್ತು, ಬೇಗ ಬನ್ನಿ ಅನ್ನಬಾರದಿತ್ತು — ನೂರಾ ಒಂದನೆಯ ಸಲ, ಅವನ ಕೈ ಜೇಬಿಗೆ ಹೋಯಿತು, ತಟ್ಟೆಯ ಪಕ್ಕ ಲಾಕು ಇಟ್ಟ. ಏನೋ ಇದು, ಪುಟಾಣಿ ಮೀನಿನ ಥರ ಇದೆಯಲ್ಲೋ, ಅಕ್ಕ ಎಡಗೈ ಬೆರಳಿನಿಂದ ಅದನ್ನು ತಿರುಗಿಸಿ ತಟ್ಟೆಯ ಮೀನಿನ ಜೊತೆ ಸಾಲು ಮಾಡಿದಳು, ಇಬ್ಬರೂ ಒಂದೇ ಕಡೆ ಹೋಗ್ಲಿ ಬಿಡು. ಅಕ್ಕಾ, ಅದು ಚೈನಿನ ಲಾಕು, ಅವತ್ತು ಭಾವನ ಬೈಕಿಗೆ ಹಾಕಿದ್ದು ನಾನೇ, ಹೀಗೆ ಹಾಕ್ಲಿಲ್ಲ, ಉಲ್ಟಾ ಹಾಕ್ದೆ, ಅದಕ್ಕೇ ಕಳಚ್ಕೊಳ್ತು, ನೀನಂದಿದ್ದಕ್ಕಲ್ಲ, ಫೋನಿಗಲ್ಲ, ಅವರು ಜೋರಾಗೇನೂ ಬಂದಿರಲಿಲ್ಲ ಅಕ್ಕಾ — ಯಾರದೋ ದನಿ, ಅವನದೇ. ಅಕ್ಕನ ದವಡೆ ಆಡಲಿಲ್ಲ. ಬೈಯಲಿ, ತಟ್ಟೆ ಎಸೆಯಲಿ, ಎದ್ದು ಹೋಗಲಿ, ಅವಳು ಅವನ ಮುಖವನ್ನೇ ನೋಡುತ್ತಿಲ್ಲ, ಅದೇ ಬೆರಳು ಮೆಲ್ಲಗೆ ಮುಂದೆ ಬಂತು, ಲಾಕಿನ ಮೇಲೆ ಕೂತಿತು, ತಿರುಗಿಸಿತು, ಅರ್ಧ ಸುತ್ತು, ಹೀಗಾ, ಅಂದಳು, ಹೂಂ, ಅಂದ, ಬೆರಳು ಹಿಂದೆ ಹೋಯಿತು, ಮೇಜಿನ ಮೇಲೆ ಉಗುರಿನಷ್ಟು ಮೀನು, ಬಾಲ ಮುಂದೆ, ಬಾಲ ಮುಂದೆ