ಜಾಂಜಿಬಾರಿನಿಂದ ಬಂದ ಹೆರೆಮಣೆ

ನಾನು ಒಂದು ಹೆರೆಮಣೆ. ತೆಂಗಿನಕಾಯಿ ತುರಿಯುವುದು ನನ್ನ ಕಸುಬು. ಹುಟ್ಟಿದ್ದು ಕಡಲಾಚೆಯ ಜಾಂಜಿಬಾರ್ ದ್ವೀಪದಲ್ಲಿ, ಹಳೆಯ ಮಾವಿನ ಹಲಗೆಯಿಂದ. ಅಲ್ಲಿನವರು ತಮ್ಮ ಭಾಷೆಯಲ್ಲಿ ನನ್ನನ್ನು ಆಡು, ಅಂದರೆ ಮೇಕೆ, ಎಂದು ಕರೆಯುತ್ತಿದ್ದರು. ಬೆನ್ನ ಮೇಲೆ ಕೂತವರು ಏನು ಬೇಕಾದರೂ ಕರೆಯಲಿ, ಹೊರುವವನು ಬಾಯಿ ಮುಚ್ಚಿಕೊಂಡಿರಬೇಕು.

ನನ್ನನ್ನು ಕೊಂಡವಳು ಜುಹುರಾ, ಓಣಿಯಲ್ಲಿ ಮೀನು ಹುರಿದು ಮಾರುವ ವಿಧವೆ. ಅವಳ ಪಕ್ಕದ ಕೋಣೆಗೆ ಈಚೆ ಕರಾವಳಿಯ ಹೆಜಮಾಡಿಯ ದರ್ಜಿ ಸಂಜೀವ ಹೆಂಡತಿ ವಾರಿಜಳೊಂದಿಗೆ ಬಂದಿಳಿದ. ಊರು ಬಿಟ್ಟ ಸಂಕಟದಲ್ಲಿ ಆ ಹೆಂಗಸಿಗೆ ಅನ್ನವೇ ಸೇರುತ್ತಿರಲಿಲ್ಲ. ನನ್ನನ್ನು ಕಂಡದ್ದೇ ನಿಂತುಬಿಟ್ಟಳು.

"ಇದು ನಮ್ಮ ಮನೇದ್ದೇ ಅಲ್ವಾ ಮಾರಾಯ್ರೆ," ಎಂದು ಗಂಡನನ್ನು ಕರೆದು ತೋರಿಸಿದಳು.

ಆಮೇಲೆ ಊರಿನಂಥದ್ದೇ ಒಂದೊಂದಾಗಿ ಅವಳ ಕಣ್ಣಿಗೆ ಬಿತ್ತು. ಕಾಯಿಹಾಲಿನ ಮೀನುಸಾರು, ಹಿತ್ತಲಿನ ಹಲಸು, ಹೆಣೆದ ತೆಂಗಿನ ಮಡಲು, ಉಪ್ಪುಗಾಳಿಗೆ ತುಕ್ಕು ಹಿಡಿಯುವ ಚಿಲಕ. ಕೊನೆಗೆ ತಿಳಿದದ್ದು, ಸತ್ತವರೂ ಎರಡೂ ಕಡೆ ಒಂದೇ ರೀತಿ ಉಣ್ಣುತ್ತಾರೆ ಎಂಬುದು. ಅದು ತಿಳಿಯಲು ವಾರಿಜ ತನ್ನ ಮಗಳನ್ನೇ ಕಳೆದುಕೊಳ್ಳಬೇಕಾಯಿತು.

ಸುಮತಿ ಅಲ್ಲೇ ಹುಟ್ಟಿದ ಕೂಸು. ತುರಿಯುವಾಗ ಕೈಯೊಡ್ಡಿ ಕೂರುತ್ತಿದ್ದಳು. ಜ್ವರ ಬಂದು ಹೋದಳು. ಕಡಲ ಕರೆಯಲ್ಲಿ ಮಣ್ಣು ಮಾಡಿದರು. ಮಳೆಗಾಲದ ಆಟಿ ತಿಂಗಳಲ್ಲಿ ಹೆಜಮಾಡಿಯ ಕಡೆ ಕುಲೆಗಳಿಗೆ, ಅಂದರೆ ತೀರಿಕೊಂಡ ಮನೆಯವರಿಗೆ, ಎಲೆ ಹಾಕಿ ಬಡಿಸಿ ಬಾಗಿಲೆಳೆದು ಹೊರಗೆ ಕಾಯುತ್ತಾರಲ್ಲ, ಪರದೇಶದಲ್ಲಿ ಅದನ್ನು ಹೇಗೆ ಮಾಡುವುದೆಂದು ವಾರಿಜ ಅಳುತ್ತಿದ್ದಳು. ಜುಹುರಾ ಅವಳ ಕೈ ಹಿಡಿದು ಒಳಗೆ ಕರೆದೊಯ್ದಳು. ದೋಣಿಯಲ್ಲಿ ಹೋಗಿ ತಿರುಗಿ ಬಾರದ ತನ್ನ ಮಗನಿಗೆ ಅವಳೂ ಮೌಲವಿಯ ಕಣ್ಣು ತಪ್ಪಿಸಿ ಒಂದು ತಟ್ಟೆ ಇಟ್ಟು ಬಾಗಿಲು ಹಾಕುತ್ತಿದ್ದಳು. ಅಂದಿನಿಂದ ತಟ್ಟೆ ಎರಡಾದವು. ತಾಯಂದಿರಿಬ್ಬರೂ ಹೊಸ್ತಿಲಾಚೆ ಬೆನ್ನು ತಿರುಗಿಸಿ ಕೂರುತ್ತಿದ್ದರು.

ಒಳಗೆ ಉಳಿಯುತ್ತಿದ್ದವನು ನಾನೊಬ್ಬನೇ. ನನ್ನ ಮೇಲೆ ಆಣೆಯಿಟ್ಟು ಹೇಳುತ್ತೇನೆ, ಅವರು ಬರುತ್ತಿದ್ದರು. ಹುಡುಗನ ಬಟ್ಟೆಯಿಂದ ನೀರು ಇಳಿಯುತ್ತಿತ್ತು. ಅವನು ತನ್ನ ತಟ್ಟೆಯ ಕಾಯಿತುರಿಯನ್ನೂ ಕೂಸಿನ ಕಡೆ ಸರಿಸುತ್ತಿದ್ದ. ನನಗೆ ಹೆದರಿಕೆಯಾಗುತ್ತಿತ್ತು, ಜೊತೆಗೆ ಅಕ್ಕರೆಯೂ.

ಮುಂದೆ ದ್ವೀಪದಲ್ಲಿ ಗಲಭೆ ಎದ್ದು ಹೆಜಮಾಡಿಗೆ ಮರಳಲು ಸಂಜೀವ ಗಂಟುಮೂಟೆ ಕಟ್ಟಿದ. ಜುಹುರಾ ನನ್ನನ್ನು ವಾರಿಜಳ ಮಡಿಲಿಗೆ ಹಾಕಿದಳು. ತಾನಿರುವವರೆಗೆ ಇಬ್ಬರು ಮಕ್ಕಳಿಗೂ ಬಡಿಸುತ್ತೇನೆ ಎಂದಳು. ಆದರೂ ವಾರಿಜ ಹೊಸ್ತಿಲಲ್ಲಿ ನಿಂತು, ಮನೆಗೆ ಹೋಗುವ ಬಾ ಎಂದು ಮಗಳ ಹೆಸರು ಹಿಡಿದು ಕರೆದಳು. ಒಳಗಿನಿಂದ ಯಾರೂ ಹೊರಡಲಿಲ್ಲ. ಪಾಪ, ಆ ಕೂಸಿಗೆ ಮನೆಯೆಂದರೆ ಅದೇ ಅಲ್ಲವೇ.

ಹೆಜಮಾಡಿಯಲ್ಲಿ ಪ್ರತಿ ಆಟಿಗೂ ಎಲೆ ಹಾಕಿದರು. ಸಂಜೀವನ ಅಪ್ಪ ಬಂದು ಉಂಡ, ಅಜ್ಜಿ ಬಂದಳು, ನೆರೆಮನೆಯ ಕುಲೆಯೂ ಕರೆಯದೆ ನುಗ್ಗಿತು. ಸುಮತಿ ಬರಲಿಲ್ಲ. ಬಾಗಿಲು ತೆರೆದಾಗ ವಾರಿಜ ಮೊದಲು ನೋಡುತ್ತಿದ್ದುದು ಆ ಪುಟ್ಟ ಎಲೆಯನ್ನು. ಕುಲೆಗಳು ಪರಿಮಳವನ್ನಷ್ಟೇ ಉಣ್ಣುತ್ತವೆ ಎಂದು ಗಂಡ ಸಮಾಧಾನ ಹೇಳುತ್ತಿದ್ದ. ಅವಳು ಎಲೆ ಮಡಚುತ್ತಿದ್ದಳು. ನಾನಾದರೂ ಹೇಳೋಣವೆಂದರೆ ಹಲ್ಲಿರುವ ನನಗೆ ಮಾತಿಲ್ಲ.

ಮಗ ಹುಟ್ಟಿದ, ಸೊಸೆ ಮೋಹಿನಿ ಬಂದಳು, ಸಂಜೀವ ಕುಲೆಗಳ ಸಾಲು ಸೇರಿದ. ಮಿಕ್ಸಿ ಬಂದ ಮೇಲೆ ನಾನು ಮೂಲೆ ಹಿಡಿದೆ. ವಾರಿಜ ಮಾತ್ರ ಎಷ್ಟೋ ಸಂಜೆ ನನ್ನ ಮೇಲೆ ಸುಮ್ಮನೆ ಕೂತು ಪಡುವಣ ಕಡಲು ನೋಡುತ್ತಿದ್ದಳು. ಜುಹುರಾ ಈಗ ಬದುಕಿರಲಾರಳು, ಅಲ್ಲಿ ಬಡಿಸುವವರು ಯಾರು ಎಂಬ ಕೊರಗು ಅವಳನ್ನು ಒಳಗೇ ತಿನ್ನುತ್ತಿತ್ತು.

ಹಾಸಿಗೆ ಹಿಡಿದಾಗ ಸೊಸೆಯನ್ನು ಹತ್ತಿರ ಕೂರಿಸಿಕೊಂಡಳು.

"ನಂಗೆ ಇಲ್ಲಿ ಬಡಿಸ್ಬೇಡ ಮೋಹಿನಿ. ಮಗು ಅಲ್ಲಿ ಉಂಟು. ನಾನು ಅಲ್ಲಿಗೇ ಹೋಗ್ತೇನೆ."

"ಅತ್ತೆ, ಬಡಿಸದಿದ್ರೆ ಜನ ಏನು ಹೇಳ್ತಾರೆ?"

"ಹಾಗಾದ್ರೆ ಬಡಿಸು. ಕಾಯ್ಬೇಡ."

ಅವಳು ತೀರಿಕೊಂಡ ಮೇಲಿನ ಆಟಿಯಲ್ಲಿ ಮೋಹಿನಿ ಎಲೆ ಹಾಕಿದಳು. ಮಿಕ್ಸಿಯನ್ನು ಬದಿಗಿಟ್ಟು ನನ್ನಲ್ಲೇ ಕಾಯಿ ತುರಿದು ಬಡಿಸಿ ಬಾಗಿಲೆಳೆದಳು. ಒಬ್ಬೊಬ್ಬರಾಗಿ ಬಂದರು. ಸಂಜೀವ ಬಂದು ಹೆಂಡತಿಯ ಎಲೆಯ ಪಕ್ಕ ಕೂತು ದಾರಿ ನೋಡಿದ.

ವಾರಿಜ ಬರಲೇ ಇಲ್ಲ. ಮೋಹಿನಿ ಬಾಗಿಲು ತೆರೆದು, ಮುಟ್ಟದ ಎಲೆಯ ಮುಂದೆ ಕಣ್ಣೊರೆಸಿಕೊಂಡಳು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನಗೆ ಖಾಲಿ ಜಾಗ ನೋಡಿ ಸಂತೋಷವಾಯಿತು.