ಮೂರೂರ ಬಟ್ಟೆ, ಐದು ಮೆಣಸಿನಕಾಯಿ

ಮೂರನೆಯ ಬಟ್ಟೆಯೂ ಕೆಟ್ಟೇ ಹೊರಬಂತು. ಬಣ್ಣ ಹತ್ತಬಾರದ ಕಡೆ ಬಳಿದಿದ್ದ ಮೇಣವೆಲ್ಲ ಕುದಿನೀರಿನಲ್ಲಿ ಬಿಟ್ಟುಹೋದ ಮೇಲೆ ಕಸಿಯಾತಿ ಅದನ್ನು ಬಿದಿರು ಗಳದ ಮೇಲೆ ಹರವಿದಳು. ಕೆಂಪು ಚೆನ್ನಾಗಿತ್ತು, ನೀಲಿಯೂ ಚೆನ್ನಾಗಿತ್ತು. ಅವೆರಡರ ನಡುವೆ ಅವಳು ಹಾಕಿದ ಕಂದು ಮಾತ್ರ ಕೆಸರು ಮೆತ್ತಿದ ಹಾಗೆ ಕೂತಿತ್ತು.

ಕಾರ್ಖಾನೆಯ ಯಜಮಾನಿ ಬು ಹರ್ಸಿನಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಬು ಅಂದರೆ ಅಮ್ಮ, ಆದರೆ ವಯಸ್ಸಿನಲ್ಲಿ ಕಸಿಯಾತಿಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು.

"ಅಕ್ಕಾ, ಇದು ಕಂದಾ, ಇಲ್ಲಾ ಯಾರಾದ್ರೂ ಕಾಲು ತೊಳೆದ ನೀರಾ?"

"ತೊಗಟೆ ಸರಿಯಿಲ್ಲ ಬು."

"ಹೋದ್ಸಲ ನೀರು ಸರಿಯಿಲ್ಲ ಅಂದ್ರಿ. ಅದರ ಹಿಂದಿನ ಸಲ ಮೋಡ. ಮುಂದಿನ ಸಲ ನನ್ನ ಮುಖ ಸರಿಯಿಲ್ಲ ಅಂತೀರಾ?" ಎಂದವಳು ದನಿ ತಗ್ಗಿಸಿದಳು. "ಕೇಳಿಸ್ಕೊಳ್ಳಿ ಅಕ್ಕಾ. ಸೆಮರಾಂಗಿನ ಮದುಮಗಳ ಬಟ್ಟೆ ನಾಳಿದ್ದು ಬರುತ್ತೆ. ಅದೂ ಹಿಂಗೇ ಆದ್ರೆ ನಾನು ಹಂಡೆ ಇಳಿಸಿಬಿಡ್ತೀನಿ. ಪುಡಿ ಬಣ್ಣ ತರಿಸ್ತೀನಿ. ನಿಮ್ಮನ್ನ ಬಿಡಲ್ಲ, ಮಡಿಚಿ ಕಟ್ಟೋ ಕಡೆ ಕೂರಿಸ್ತೀನಿ."

ಬಿಡಲ್ಲ ಎಂದದ್ದೇ ಕಸಿಯಾತಿಗೆ ಹೆಚ್ಚು ಚುಚ್ಚಿತು. ಸೋಲೋ ಊರಿನ ನಮ್ಮ ಲಾವೆಯಾನ್ ಕೇರಿಯಲ್ಲಿ ತೊಗಟೆ ಬೇಯಿಸಿ ಕಂದು ತೆಗೆಯುವ ಹಂಡೆ ಉಳಿದದ್ದು ಅದೊಂದೇ. ಆ ಕಂದಿನೊಳಗಿನ ಹಳದಿಗೆ ತೆಗೆರಾನ್ ಕಟ್ಟಿಗೆ, ಕೆಂಪಿಗೆ ತಿಂಗಿ ತೊಗಟೆ, ಕಪ್ಪಿಗೆ ಹತ್ತಿರದ ಕಂದಿಗೆ ಜಂಬಲ್ ತೊಗಟೆ. ಇಷ್ಟೇ ಸಾಮಾನು. ಯಾವುದು ಎಷ್ಟು ಎಂಬುದಕ್ಕೆ ತಕ್ಕಡಿಯಿಲ್ಲ, ಕಣ್ಣೇ ತಕ್ಕಡಿ. ಮೂವತ್ತೊಂದು ವರ್ಷ ಆ ಕಣ್ಣನ್ನು ನಂಬಿ ಬಾಳಿದವಳನ್ನು ಬಟ್ಟೆ ಮಡಿಚಲು ಕೂರಿಸಿದರೆ ಅವಳಲ್ಲಿ ಉಳಿಯುವುದೇನು?

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಗಂಡ ಪೈರನ್‌ಗೆ ಹೇಳಿದಳು, "ತಪ್ಪು ನಂದಲ್ಲ. ಆ ಲಾಸೆಮ್‌ನ ಮುದುಕಿ ತಾನು ಹಾಕೋ ಕೆಂಪು ಬದಲಾಯಿಸಿದ್ದಾಳೆ. ಅದಕ್ಕೇ ನನ್ನ ಕಂದು ಅದರ ಪಕ್ಕ ಸತ್ತ ಹಂಗೆ ಕಾಣ್ಸುತ್ತೆ."

"ಹಂಗಾದ್ರೆ ಹೋಗಿ ಕೇಳು."

ಅವನು ತಮಾಷೆಗೆ ಅಂದದ್ದು. ಅವಳು ಹೊರಟೇಬಿಟ್ಟಳು.

ಈ ಬಾಟಿಕ್‌ಗೆ ಮೂರೂರ ಬಟ್ಟೆ ಎಂದೇ ಹೆಸರು. ಕೆಂಪು ಹಾಕುವುದು ಲಾಸೆಮ್‌ನಲ್ಲಿ, ನೀಲಿ ಪೆಕಲೊಂಗಾನ್‌ನಲ್ಲಿ, ಕೊನೆಗೆ ಕಂದು ಸೋಲೋದಲ್ಲಿ. ಒಂದೊಂದು ಬಟ್ಟೆಯೂ ಅರ್ಧ ಜಾವಾ ಸುತ್ತಿ ಬರುತ್ತದೆ. ಕಸಿಯಾತಿ ಮಾತ್ರ ಆ ಎರಡು ಊರುಗಳನ್ನು ಕಣ್ಣಿನಿಂದ ಕಂಡವಳಲ್ಲ. ಹಿಂದೆ ಬಟ್ಟೆ ತರಲು ಅವಳ ಅತ್ತೆಯೇ ಹೋಗುತ್ತಿದ್ದಳು. ಹಂಡೆಯನ್ನು ಸೊಸೆಗೆ ಕಲಿಸಿಕೊಟ್ಟವಳೂ ಆ ಅತ್ತೆಯೇ. ಕಲಿಸಿದ್ದಕ್ಕಿಂತ ಕಾಡಿಸಿದ್ದೇ ಜಾಸ್ತಿ ಎಂದು ಕಸಿಯಾತಿಯ ಲೆಕ್ಕ.

ಬಟ್ಟೆಯನ್ನು ಹದಿನೈದು ಸಲ ಅದ್ದಬೇಕು, ಪ್ರತಿ ಸಲವೂ ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಕಸಿಯಾತಿಯ ಮನೆ ಕಾರ್ಖಾನೆಯ ಬೆನ್ನಿಗೇ, ನಡುವೆ ಹಿತ್ತಲು. ಅವಳು ಮೈಮರೆತು ಹಂಡೆಯನ್ನೇ ನೋಡುತ್ತ ಕೂತಿರುವಾಗ ಅತ್ತೆಯ ಕೂಗು ಬರುತ್ತಿತ್ತು. "ಕಸೀ, ಹಿತ್ತಲಿಗೆ ಹೋಗಿ ಐದು ಮೆಣಸಿನಕಾಯಿ ತಾ." ಅಡುಗೆ ಮುಗಿದಿದ್ದರೂ ಸರಿ, ಬುಟ್ಟಿಯಲ್ಲಿ ನಿನ್ನೆಯ ಕಾಯಿ ಕೊಳೆಯುತ್ತಿದ್ದರೂ ಸರಿ. ದಿನಕ್ಕೆ ನಾಲ್ಕು ಸಲ, ಐದು ಸಲ. ತಂದುಕೊಟ್ಟರೆ ಮುದುಕಿ ತಿರುಗಿಯೂ ನೋಡುತ್ತಿರಲಿಲ್ಲ. ಸೊಸೆ ಆರಾಮವಾಗಿ ಕೂತದ್ದು ಇವಳ ಕಣ್ಣಿಗೆ ಆಗಿಬರಲ್ಲ ಎಂದು ಕಸಿಯಾತಿ ಹಲ್ಲು ಕಡಿಯುತ್ತಿದ್ದಳು. ಕೊನೆಯ ದಿನಗಳಲ್ಲಿ ಚಾಪೆ ಹಿಡಿದ ಮೇಲೂ ಆ ಕೂಗು ನಿಂತಿರಲಿಲ್ಲ. ಅತ್ತೆ ತೀರಿಕೊಂಡು ಈಗ ಎಂಟು ತಿಂಗಳು. ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮಾರನೆಯ ದಿನವೇ ಕಸಿಯಾತಿ ಮೆಣಸಿನ ಗಿಡಗಳನ್ನೆಲ್ಲ ಕಿತ್ತು, ಗಂಡನ ಸ್ಕೂಟರ್ ನಿಲ್ಲಿಸಲು ಅಲ್ಲಿ ಸಿಮೆಂಟು ಹಾಕಿಸಿದ್ದಳು.

ಬೆಳಗಿನ ಬಸ್ಸು. ಚೀಲದಲ್ಲಿ ಕೆಟ್ಟ ಬಟ್ಟೆಯ ಒಂದು ಮೊಳ ತುಂಡು, ಬಾಳೆಲೆಯಲ್ಲಿ ಕಟ್ಟಿದ ಅನ್ನ ಮತ್ತು ಸೋಯಾ ಕಾಳಿನ ತೆಂಪೆ. ಪುರ್ವೊದಾದಿ ತಲುಪುವವರೆಗೆ ಅವಳು ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡಳು. ಆಮೇಲೆ ರಸ್ತೆಯ ಗುಂಡಿಗಳು ಒಂದೊಂದನ್ನೇ ಉದುರಿಸಿದವು. ಬ್ಲೋರಾ ದಾಟಿದ ಮೇಲೆ ತೇಗದ ಕಾಡು ಬಂತು. ಮೊದಲ ಮಳೆಗೆ ಚಿಗುರಿದ ಎಲೆಗಳ ಹಸಿರು ಕಿಟಕಿಯ ತುಂಬ ಓಡುತ್ತಿತ್ತು. ನೋಡಬೇಕೆಂದು ಅವಳೇನೂ ನೋಡಲಿಲ್ಲ, ನೋಡದೆ ಇರಲು ಬೇರೆ ಕೆಲಸವಿರಲಿಲ್ಲ. ಸಮುದ್ರದ ಬದಿಗೆ ಬಂದಾಗ ಉಪ್ಪಿನ ಮಡಿಗಳು ಬೆಳ್ಳಗೆ ಹೊಳೆಯುತ್ತಿದ್ದವು. ಬೈಗುಳಗಳಲ್ಲಿ ಮೂರೋ ನಾಲ್ಕೋ ಮಾತ್ರ ಉಳಿದಿದ್ದವು.

ಲಾಸೆಮ್‌ನಲ್ಲಿ ಚಿಕ್ ಲಿಯೆನ್ ನಿಯೊ ಎಂದರೆ ಎಲ್ಲರಿಗೂ ಗೊತ್ತು. ಚಿಕ್ ಎಂದರೆ ಅಲ್ಲಿನ ಚೀನೀ ಮನೆಗಳಲ್ಲಿ ಅಕ್ಕ; ಕೆಂಪು ಹಾಕುವವಳು ಅವಳೇ. ಎತ್ತರದ ಬಿಳಿ ಗೋಡೆ, ಮರದ ದೊಡ್ಡ ಬಾಗಿಲು. ಬಾಗಿಲು ತೆರೆದವನು ಕಾವಲುಗಾರ ಸರ್ಪಿನ್. ಒಂದು ಕೈಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಹಲ್ಲುಕಡ್ಡಿ. ಕಾಫಿಯ ಗಸಿಯಲ್ಲಿ ಕಡ್ಡಿ ಅದ್ದಿ ಸಿಗರೇಟಿನ ಮೇಲೆ ಬಳ್ಳಿ ಬರೆಯುತ್ತ ಕೂತಿದ್ದ. ಅಲ್ಲಿನ ಗಂಡಸರಿಗೆಲ್ಲ ಆ ಚಟವಿದೆ.

"ಚಿಕ್ ಲಿಯೆನ್ ಎಲ್ಲಿ? ನಾನು ಸೋಲೋದಿಂದ ಬಂದಿದ್ದೀನಿ, ಮಾತಾಡ್ಬೇಕು."

"ಮಲಗಿದ್ದಾರೆ."

"ಎಬ್ಬಿಸಿ."

"ಎರಡೂವರೆವರೆಗೆ ಈ ಮನೇಲಿ ಕೆಂಪು ಬಣ್ಣಾನೂ ಕಲಕಿ ಎಬ್ಬಿಸಲ್ಲ ತಾಯಿ, ಅವರನ್ನ ಎಬ್ಬಿಸ್ತೀನಾ? ಜಗಳಕ್ಕೆ ಬಂದಿದ್ದೀರಿ ಅಲ್ವಾ?"

"ಯಾರು ಹೇಳಿದ್ದು?"

"ಚೀಲ ಹಿಡಿದಿರೋ ರೀತಿ ನೋಡಿದ್ರೇ ಗೊತ್ತಾಗುತ್ತೆ. ಕೂತ್ಕೊಳ್ಳಿ. ಕಾಫಿ ಕುಡೀರಿ. ಜಗಳ ಎಲ್ಲಿಗೂ ಓಡಿಹೋಗಲ್ಲ."

ಅವಳು ಜಗುಲಿಯ ಬೆಂಚಿನ ಮೇಲೆ ಕೂತಳು. ಅಂಗಳದಲ್ಲಿ ಮಾವಿನ ಮರ, ಅದರಡಿ ಖಾಲಿ ತೊಟ್ಟಿಗಳು. ಯಾರೂ ಇಲ್ಲ. ಕಾಫಿ ಮುಗಿಯಿತು. ಮಾಡಲು ಏನೂ ಇಲ್ಲದ ಮಧ್ಯಾಹ್ನವೊಂದು ಅವಳಿಗೆ ಸಿಕ್ಕಿ ಎಷ್ಟು ವರ್ಷವಾಗಿತ್ತೋ! ಗಾಳಿ ಬೀಸಿತು, ಕತ್ತು ಗೋಡೆಗೆ ಒರಗಿತು, ನಿದ್ದೆ ಹತ್ತಿಯೇಬಿಟ್ಟಿತು.

ಎಚ್ಚರವಾದಾಗ ಎದುರಿಗೆ ಮಾವಿನ ಎಲೆಗಳು, ಅವುಗಳ ನಡುವೆ ಚೂರು ಚೂರು ಆಕಾಶ. ಎಷ್ಟೋ ಹೊತ್ತು ಅದನ್ನೇ ನೋಡಿದಳು. ಆಮೇಲೆ, ಬಂದ ಕೆಲಸ ನೆನಪಾಗಿ, ಚೀಲದಿಂದ ತುಂಡು ತೆಗೆದು ತೊಡೆಯ ಮೇಲೆ ಬಿಡಿಸಿದಳು. ಬಿಡಿಸಿದವಳೇ ಗಾಬರಿಯಾದಳು.

ಅದರಲ್ಲಿ ಹಳದಿಯೇ ಇರಲಿಲ್ಲ. ಒಂದು ಚೂರೂ ಇಲ್ಲ. ಜಂಬಲ್ ಮೇಲೆ ಜಂಬಲ್ ಸುರಿದು ಯಾರೋ ಬಟ್ಟೆಯ ಉಸಿರು ಕಟ್ಟಿಸಿದ್ದರು. ಒಣಗುವ ಮೊದಲೇ ಮತ್ತೆ ಅದ್ದಿದ ಗುರುತೂ ಅಲ್ಲಲ್ಲಿ ಎದ್ದು ಕಾಣುತ್ತಿತ್ತು. ಇಂಥ ಕೆಲಸ ಮಾಡಿದವರ ಕೈ ಮುರಿಯಬೇಕು ಎಂದುಕೊಂಡಳು. ಅದು ತನ್ನದೇ ಕೈ ಎಂಬುದು ಹೊಳೆಯಲು ಒಂದು ಗಳಿಗೆ ಬೇಕಾಯಿತು.

"ನೋಡ್ಲಾ?" ಎಂದಿತು ಪಕ್ಕದಲ್ಲಿ ಒಂದು ದನಿ.

ಚಿಕ್ ಲಿಯೆನ್ ನಿಯೊ. ಎಂಬತ್ತರ ಸಣಕಲು ಮುದುಕಿ, ನಿದ್ದೆಯಿಂದ ಎದ್ದು ಬಂದ ಕೆದರಿದ ಕೂದಲು. ತುಂಡನ್ನು ಕೈಗೆ ತೆಗೆದುಕೊಂಡು ನೋಡಿದಳು. ಬೈಯಲಿಲ್ಲ.

"ನೀನು ಲಾವೆಯಾನ್ ಹಂಡೆಯವಳಾ?" ಎಂದಳು. ಆಮೇಲೆ ಮುಖ ಅರಳಿಸಿ, "ಓಹೋ! ಮೆಣಸಿನಕಾಯಿಗೆ ಕಳಿಸ್ತಿದ್ರಲ್ಲ, ಆ ಸೊಸೆ ನೀನೇನಾ?"

ಕಸಿಯಾತಿಯ ಮೈಯೆಲ್ಲ ಉರಿಯಿತು. "ಅದನ್ನ ಇಲ್ಲಿವರೆಗೂ ಬಂದು ಹೇಳ್ಕೊಂಡಿದ್ರಾ?"

"ಬಂದಾಗಲೆಲ್ಲ ಹೇಳೋಳು. 'ನನ್ನ ಸೊಸೆ ಕಣ್ಣು ನಂಗಿಂತ ಚುರುಕು ಚಿಕ್, ಆದ್ರೆ ಹಂಡೆ ಬಿಟ್ಟು ಅಲ್ಲಾಡಲ್ಲ. ಒಂದೇ ಬಣ್ಣ ನೋಡ್ತಾ ಕೂತ್ರೆ ಕಣ್ಣು ಒಗ್ಗಿಹೋಗುತ್ತೆ, ಎಷ್ಟು ಸುರಿದ್ರೂ ಸಾಲ್ದು ಅನ್ಸುತ್ತೆ. ಸುಸ್ತಾಗಿದೆಯಾ, ಎದ್ದು ಹೋಗು ಅಂದ್ರೆ ಇಲ್ಲ ಅಂತಾಳೆ, ಹಠಮಾರಿ. ಅದಕ್ಕೇ ಹಸಿರು ಗಿಡ, ಕೆಂಪು ಕಾಯಿ ನೋಡಿ ಬರ್ಲಿ ಅಂತ ಕಳಿಸ್ತೀನಿ' ಅನ್ನೋಳು."

"ಹಂಗಂತ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೇಳ್ತಿದ್ಯಾ?"

ಕಸಿಯಾತಿಗೆ ತನ್ನ ಹಠ ಗೊತ್ತಿತ್ತು. ಕೇಳುತ್ತಿರಲಿಲ್ಲ. ಮೂವತ್ತು ವರ್ಷ ತಾನು ಹಿತ್ತಲಿಗೆ ಕಾಲು ಅಪ್ಪಳಿಸುತ್ತ ಹೋದದ್ದು, ಕಾಯಿಗಳನ್ನು ಮುದುಕಿಯ ಮುಂದೆ ಕುಕ್ಕಿದ್ದು, ಆಮೇಲೆ ಬಂದು ಹಂಡೆ ನೋಡಿದಾಗಲೆಲ್ಲ ಏನು ಕಡಿಮೆಯೆಂದು ಥಟ್ಟನೆ ತಿಳಿದದ್ದು, ಎಲ್ಲ ನೆನಪಾಯಿತು. ಆ ಥಟ್ಟನೆಯನ್ನು ಅವಳು ತನ್ನ ಕೈಗುಣವೆಂದುಕೊಂಡಿದ್ದಳು. ಬೇರೆಯವರ ಮನೆಯ ಜಗುಲಿಯಲ್ಲಿ, ಬೇರೆ ಊರಿನಲ್ಲಿ, ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತೆ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಸರ್ಪಿನ್ ಸದ್ದಿಲ್ಲದೆ ಇನ್ನೊಂದು ಲೋಟ ಕಾಫಿ ತಂದಿಟ್ಟ.

ಊರಿಗೆ ಬಂದವಳು ಮೊದಲು ಸ್ಕೂಟರನ್ನು ಬಿಸಿಲಿಗೆ ತಳ್ಳಿದಳು. ಸಿಮೆಂಟಿನ ಮೇಲೆ ಸಂತೆಯಿಂದ ತಂದ ನಾಲ್ಕು ಮೆಣಸಿನ ಕುಂಡಗಳು ಬಂದು ಕೂತವು.

"ನನ್ನ ಗಾಡಿಗಿಂತ ಗಿಡ ಹೆಚ್ಚಾಯ್ತಾ?" ಎಂದ ಪೈರನ್.

"ನಿಮ್ಮಮ್ಮನ ಜಾಗ ಅದು. ಸುಮ್ನಿರಿ."

ಮದುಮಗಳ ಬಟ್ಟೆಗೆ ಅವಳು ಒಂಬತ್ತು ದಿನ ತೆಗೆದುಕೊಂಡಳು. ಅದ್ದುವುದು, ನೆರಳಿಗೆ ಹರವುವುದು, ಎದ್ದು ಹೋಗುವುದು. ಕುಂಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಯಿ ನೋಡುವುದು. ಬಂದು ನೋಡಿದರೆ ಹಂಡೆ ತಾನೇ ಹೇಳುತ್ತಿತ್ತು, ಇವತ್ತು ಒಂದು ಹಿಡಿ ತೆಗೆರಾನ್ ಹಾಕು ಎಂದು. ಹನ್ನೊಂದನೆಯ ಸಲಕ್ಕೆ ಬು ಹರ್ಸಿನಿಯ ತಾಳ್ಮೆ ಮುಗಿಯಿತು. ಬೆಳಗಿನಿಂದ ಹಂಡೆಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದಳು.

"ತೆಳುವಾಯ್ತು ಅಕ್ಕಾ. ನಂಗೆ ಕಾಣ್ತಾ ಇದೆ, ತುಂಬಾ ತೆಳು. ಇನ್ನೊಂದಿಷ್ಟು ಜಂಬಲ್ ಹಾಕಿ. ನನ್ನ ಮರ್ಯಾದೆ ಪ್ರಶ್ನೆ ಇದು."

ಕಸಿಯಾತಿ ಜಂಬಲ್ ಬುಟ್ಟಿಯ ಮೇಲೆ ಕೈಯಿಟ್ಟಳು. ಒಂದು ಕ್ಷಣ ಅವಳಿಗೂ ಭಯವಾಯಿತು. ಇದು ಕೆಟ್ಟರೆ ಮುಂದೆ ಹಂಡೆಯಿಲ್ಲ. ಆಮೇಲೆ ಬುಟ್ಟಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು.

"ಬು, ಹಿತ್ತಲಿಗೆ ಹೋಗಿ ಐದು ಮೆಣಸಿನಕಾಯಿ ತನ್ನಿ."

"ಏನು?"

"ಐದು ಮೆಣಸಿನಕಾಯಿ. ಕೆಂಪಾಗಿರೋದನ್ನ ನೋಡಿ ಕೀಳಿ. ಅವಸರ ಬೇಡ."

ಯಜಮಾನಿಗೆ ಹೀಗೆ ಹೇಳಿದವರು ಆ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಬು ಹರ್ಸಿನಿ ಏನೋ ಅನ್ನಲು ಹೊರಟು, ಕಸಿಯಾತಿಯ ಮುಖ ನೋಡಿ, ಗೊಣಗುತ್ತ ಎದ್ದು ಹೋದಳು. ತಿರುಗಿ ಬಂದಾಗ ಕೈತುಂಬ ಕಾಯಿಗಳಿದ್ದವು. ಗಳದ ಮೇಲಿನ ಬಟ್ಟೆ ನೋಡಿ ಬಾಗಿಲಲ್ಲೇ ನಿಂತಳು.

"ಈಗ ಏನು ಹಾಕಿದ್ರಿ ಅಕ್ಕಾ?"

"ಏನೂ ಇಲ್ಲ."

"ಸುಳ್ಳು. ಈಗ ತಾನೆ ತೆಳುವಾಗಿತ್ತು. ಈಗ ಇದು..." ಅವಳು ಕಾಯಿಗಳನ್ನು ಸ್ಟೂಲಿನ ಮೇಲೆ ಸುರಿದು ಬಟ್ಟೆಯ ಹತ್ತಿರ ಬಗ್ಗಿದಳು.

ಒಂಬತ್ತನೆಯ ದಿನ ಮೇಣ ಬಿಡಿಸಿದರು. ಲಾಸೆಮ್‌ನ ಕೆಂಪಿನ ಪಕ್ಕದಲ್ಲಿ ಕಂದು, ಬೆಲ್ಲದ ಪಾಕ ಹದಕ್ಕೆ ಬಂದ ಬಣ್ಣದಲ್ಲಿ ನಗುತ್ತಿತ್ತು. ಬು ಹರ್ಸಿನಿ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಪುಡಿ ಬಣ್ಣದ ಮಾತು ಮತ್ತೆ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಕಸಿಯಾತಿ ಹಿತ್ತಲಿಗೆ ಹೋದಳು. ಕುಂಡಗಳಿಗೆ ನೀರು ಹಾಕಿದಳು. ಐದು ಕಾಯಿ ಕಿತ್ತು, ಮನೆಯೊಳಗೆ ಬಂದು, ಮುದುಕಿ ಮಲಗುತ್ತಿದ್ದ ಚಾಪೆಯ ಜಾಗದಲ್ಲಿ, ಕುಕ್ಕದೆ, ಮೆಲ್ಲಗೆ ಇಟ್ಟಳು.

"ತಂದಿದ್ದೀನಿ ಅತ್ತೆ," ಎಂದಳು.