ಅವಸರವಿಲ್ಲದೆ ತೋರಿಸುತ್ತೇನೆ

ಫೋನು ಮೊದಲು ಬಡಿದುಕೊಂಡಿತೋ ಹಾಲು ಮೊದಲು ಉಕ್ಕಿತೋ, ಗುರುಸಿದ್ದಮ್ಮನವರಿಗೆ ಇವತ್ತಿಗೂ ಬಗೆಹರಿದಿಲ್ಲ, ಉಕ್ಕಿದ್ದಂತೂ ನಿಜ, ಸುಟ್ಟ ಹಾಲಿನ ವಾಸನೆ, ಕೈಯಲ್ಲಿ ಮಸಿಬಟ್ಟೆ, ಯಾರೋ ಪ್ರವಾಸಿಗಳಿರಬೇಕೆಂದು ಎತ್ತಿಕೊಂಡು ಬಾಯಿಪಾಠದ ಮಾತನ್ನೇ ಒಪ್ಪಿಸಿದ್ದರು — ಗೈಡ್ ಕೋಮಲ ಮನೆಯಲ್ಲಿಲ್ಲ, ಸಾಯಂಕಾಲ ಮಾಡಿ — ಆ ಕಡೆಯ ಗಂಡಸು, ಅಮ್ಮಾ, ನಾವು ಅರಸೀಕೆರೆ ಆಸ್ಪತ್ರೆಯಿಂದ ಮಾತಾಡ್ತಿರೋದು, ಮನೇಲಿ ಗಂಡಸ್ರು ಯಾರಾದ್ರೂ ಇದ್ರೆ ಕೊಡಿ, ಎಂದಿದ್ದ. ಗಂಡಸರು ಯಾರೂ ಇಲ್ಲ, ನಾನು ಅವಳ ತಾಯಿ, ನನಗೇ ಹೇಳಿ. ಹಳೇಬೀಡಿನ ಶಾಲೆಯಲ್ಲಿ ಮಗ್ಗಿ ಹೇಳಿಸಿ ಹೇಳಿಸಿ ಗಟ್ಟಿಯಾದ ಗಂಟಲು, ಆ ಹೊತ್ತಿನಲ್ಲೂ ನಡುಗಲಿಲ್ಲ, ಈಗ ಅದಕ್ಕೇ ಸಿಟ್ಟು, ಯಾಕೆ ನಡುಗಲಿಲ್ಲ? ಬೆಳಗಿನ ರೈಲಿಗೆ ಇಳಿಯುವ ಒಂದು ಸಂಸಾರವನ್ನು ಕರೆತಂದು ದೇವಸ್ಥಾನ ತೋರಿಸಬೇಕೆಂದು ಹೋಗಿದ್ದಳು ಮಗಳು, ಅರಸೀಕೆರೆಯಲ್ಲಿ ಬಸ್ಸಿಳಿದು ಹತ್ತಿದ ಆಟೋ ಸ್ಟೇಷನ್ ಮುಟ್ಟುವ ಮೊದಲೇ ಮಗುಚಿತು. ಆ ಸಂಸಾರದವರು ಯಾರು, ಯಾವೂರಿನವರು, ಇವರಿಗೆ ಗೊತ್ತಿಲ್ಲ, ಯಾರೋ ಎಲ್ಲೋ ಕಂಪ್ಯೂಟರಿನ ಮುಂದೆ ಕೂತು ಅವಳ ಹೆಸರನ್ನು ಒತ್ತಿದರು, ಒತ್ತಿದ್ದಕ್ಕೆ ಅವಳು ಹೋದಳು, ಎಷ್ಟು ಸಲ ಯೋಚಿಸಿದರೂ ಯೋಚನೆ ಇದೇ ಸಾಲಿಗೆ ಬಂದು ನಿಲ್ಲುತ್ತದೆ, ಒತ್ತಿದರು, ಹೋದಳು.

ಬಂತು ನೋಡಿ ಮೇಡಂ, ಎನ್ನುತ್ತಾನೆ ಮನು. ಬೇಲೂರಿನ ಬಸ್‌ಸ್ಟಾಂಡಿನ ಹಿಂದೆ ಅವನ ಬ್ರೌಸಿಂಗ್ ಸೆಂಟರು, ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಇವರು ಬಂದು ಮೆಟ್ಟಿಲ ಮೇಲೆ ಕೂತಿದ್ದರು, ನಾಳೆ ಮಗಳ ಶಿವಗಣಾರಾಧನೆ, ಮನೆಯಲ್ಲಿ ನೆಂಟರು ಸೇರುತ್ತಾರೆ, ಅಯ್ಯನವರು ಬರುತ್ತಾರೆ, ಅಷ್ಟರೊಳಗೆ ಆ ಹೆಸರು ಅಲ್ಲಿಂದ ಇಳಿಯಬೇಕು. ಬಂತು, ಹೌದು, ಪರದೆಯ ಬಲಗಡೆ, ಜಾಹೀರಾತುಗಳ ಮೇಲ್ತುದಿಯಲ್ಲಿ, ಬೆಂಗಳೂರಿನ ಟ್ರಾವೆಲ್ಸ್‌ಗಳೆಲ್ಲದರ ನೆತ್ತಿಯ ಮೇಲೆ, ನೀಲಿ ಇಂಗ್ಲಿಷ್ ಅಕ್ಷರದಲ್ಲಿ, ಹಳೇಬೀಡು ಬೇಲೂರು ಗೈಡ್ ಕೋಮಲ, ಅವಸರವಿಲ್ಲದೆ ತೋರಿಸುತ್ತೇನೆ, ಈಗಲೇ ಕರೆಯಿರಿ. ಈಗಲೇ ಕರೆಯಿರಿ! ಹೋದವರನ್ನು ಹೆಸರು ಹಿಡಿದು ಕೂಗಬಾರದು, ಹಿಂದಿರುಗಿ ನೋಡುತ್ತಾರೆ, ದಾರಿ ಸಾಗುವುದಿಲ್ಲ, ಎನ್ನುತ್ತಿದ್ದರು ಇವರ ತಾಯಿ, ಮಣ್ಣು ಮಾಡಿ ಬಂದ ಸಾಯಂಕಾಲದಿಂದ ಮನೆಯಲ್ಲಿ ಯಾರೂ ಅವಳ ಹೆಸರೆತ್ತಿಲ್ಲ, ಇವರೂ ಎತ್ತಿಲ್ಲ, ಎತ್ತುತ್ತಿರುವುದು ಇದೊಂದೇ, ಹಗಲೂ ರಾತ್ರಿಯೂ, ಯಾರು ಹಳೇಬೀಡು ಎಂದು ಬೆರಳಾಡಿಸಿದರೂ ಅವರ ಮುಂದೆ ಅವಳನ್ನು ಎಳೆದು ತಂದು ನಿಲ್ಲಿಸುತ್ತದೆ. ಇದು ಸಾಲದೆಂದು ಮನೆಯಲ್ಲಿ ದಿನಾ ಬಡಿದುಕೊಳ್ಳುವ ಫೋನು. ಗೈಡ್ ಕೋಮಲ ಇದಾರಾ? ಇಲ್ಲಪ್ಪ, ತೀರಿಕೊಂಡರು. ಅಯ್ಯೋ ಸಾರಿ ಆಂಟಿ, ಸಾರಿ, ಏನಾಗಿತ್ತು, ಛೆ — ಆಂಟಿ, ಹಂಗಾದ್ರೆ ಬೇರೆ ಗೈಡ್ ಯಾರಾದ್ರೂ ಗೊತ್ತಾ, ಭಾನುವಾರಕ್ಕೆ? ತಮ್ಮ ಮರಿಯಣ್ಣ, ಫೋನ್ ವೈರ್ ಕಿತ್ತಾಕಕ್ಕ, ಯಾಕ್ ಅನುಭವಿಸ್ತೀಯ, ಎಂದ. ವೈರು ಕಿತ್ತರೆ ಹೆಸರು ಸುಮ್ಮನಾಗುತ್ತದೆಯೇನೋ ದಡ್ಡ.

ತೆಗೆದುಹಾಕು ಮನು, ಎಷ್ಟು ಸಲ ಹೇಳಲಿ. ಮೇಡಂ, ನನ್ ಕೈಲಿದ್ರೆ ಅವತ್ತೇ ತೆಗೀತಿದ್ದೆ, ಪಾಸ್‌ವರ್ಡ್ ಬೇಕು, ಅಕ್ಕ ಇಲ್ಲೇ ಕೂತು ಅದನ್ನ ಹೊಡೆಯೋವಾಗ ನಾನು ಮುಖ ಆ ಕಡೆ ತಿರುಗಿಸ್ಕೋತಿದ್ದೆ, ಮರ್ಯಾದೆ ಅಲ್ವಾ. ನಿನ್ನ ಮರ್ಯಾದೆಗಿಷ್ಟು, ನಾಕನೇ ಕ್ಲಾಸಿನಲ್ಲಿ ಪಕ್ಕದವನ ಸ್ಲೇಟು ನೋಡಿ ಬರೆಯುತ್ತಿದ್ದವನು, ಬೇಕಾದಾಗ ನೋಡಲಿಲ್ಲ. ಹುಟ್ಟಿದ ದಿನ ಹಾಕಿ ನೋಡಿದರು, ತಂದೆಯ ಹೆಸರು, ಸಾಕಿದ ಬೆಕ್ಕಿನ ಹೆಸರು, ಓಂ ನಮಃ ಶಿವಾಯ ಕೂಡ, ಯಾವುದಕ್ಕೂ ಬಾಗಿಲು ತೆರೆಯಲಿಲ್ಲ. ಜಾಹೀರಾತಿನ ಆ ಕಂಪನಿಗೆ ಮನುವಿನಿಂದ ಟಪಾಲು ಕಳಿಸಿದ್ದಾಯಿತು, ಇವರೇ ಕೂತು ಹೇಳಿ ಬರೆಸಿದರು, ಮಾನ್ಯರೇ, ನನ್ನ ಮಗಳು ದೈವಾಧೀನಳಾಗಿದ್ದಾಳೆ, ದಯವಿಟ್ಟು ಅವಳ ಹೆಸರನ್ನು ಇಳಿಸಿ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು, ನಿಮ್ಮ ಪ್ರಶ್ನೆ ನಮಗೆ ಬಹಳ ಮುಖ್ಯ. ಅಷ್ಟೆ. ಪ್ರಶ್ನೆಯನ್ನೇ ಕೇಳಿರಲಿಲ್ಲವಲ್ಲ ಇವರು? ಮತ್ತೆ ಬರೆದರೆ ಮತ್ತೆ ಅದೇ, ಬಹಳ ಮುಖ್ಯ, ಬಹಳ ಮುಖ್ಯ, ಆ ಉತ್ತರದ ಹಿಂದೆ ಒಬ್ಬ ಮನುಷ್ಯ ಇದ್ದಾನೆಂದು ಗೊತ್ತಾಗಿದ್ದರೆ ರೈಲು ಹತ್ತಿ ಹೋಗಿ ಕಿವಿ ಹಿಡಿದು ಹಿಂಡಿ ಬರುತ್ತಿದ್ದರು.

ಅರಸೀಕೆರೆ ಮಾರ್ಕೆಟ್ಟಲ್ಲಿ ಕೊಬ್ಬರಿ ಹರಾಜು ಹಾಕ್ತಾರಲ್ಲಮ್ಮ, ಹಂಗೇ, ಇಲ್ಲಿ ಮಾತು ಹರಾಜು, ಎಂದು ಮಗಳು ಮೊದಲ ಸಲ ಹೇಳಿಕೊಟ್ಟಾಗ ಅವಳ ಕಣ್ಣು ಎಷ್ಟು ಹೊಳೆಯುತ್ತಿತ್ತು. ಯಾವ ಮಾತು? ಹಳೇಬೀಡು ಅನ್ನೋ ಮಾತು. ಯಾರೋ ಹಳೇಬೀಡು ಅಂತ ಹುಡುಕ್ತಾರೆ, ಆ ಕ್ಷಣದಲ್ಲೇ ಒಳಗೊಳಗೇ ಕೂಗು ನಡೆಯುತ್ತೆ, ಗೆದ್ದೋರ ಹೆಸರು ಮೇಲೆ, ಸುಮ್ನೆ ತೋರಿಸಿದ್ದಕ್ಕೆ ಕಾಸಿಲ್ಲ, ನೋಡಿದೋರು ಹೆಸರನ್ನ ಒತ್ತಿದ್ರೆ ಮಾತ್ರ ನಾವು ಮೊದಲೇ ಕಟ್ಟಿಟ್ಟ ಹಣದಲ್ಲಿ ಒಂದಿಷ್ಟು ಕಡಿತ. ಊರಿನ ಹೆಸರನ್ನು ಹರಾಜು ಹಾಕಲು ಅವರ್ಯಾರೇ, ಎಂದು ಇವರು ರೇಗಿದ್ದರು. ತಪ್ಪು ಕಾಗುಣಿತದ ಹಳೇಬೀಡಿಗೂ ಹಣ ಕಟ್ಟಿದ್ದಾಳೆಂದು ತಿಳಿದಾಗ ಇನ್ನೂ ರೇಗಿದ್ದರು. ತಪ್ಪು ಬರೆಯೋರೂ ದೇವಸ್ಥಾನ ನೋಡೋಕೆ ಬರ್ತಾರಮ್ಮ, ಅವರನ್ನ ಬೆಂಚ್ ಮೇಲೆ ನಿಲ್ಲಿಸಕ್ಕಾಗುತ್ತಾ, ಎಂದು ನಕ್ಕಿದ್ದಳು. ಮೊದಲ ವರ್ಷ ಅಗ್ಗವಾಗಿ ಸಿಗುತ್ತಿದ್ದ ಮಾತಿಗೆ ಆಮೇಲೆ ಬೆಂಗಳೂರಿನ ಟ್ರಾವೆಲ್ಸಿನವರು ಬಂದು ಕೂಗಿ ಕೂಗಿ ಬೆಲೆ ಏರಿಸಿದರು, ಇವಳ ಹೆಸರು ಕೆಳಕ್ಕೆ, ಇನ್ನೂ ಕೆಳಕ್ಕೆ, ಆಗ ತಾನೇ ರಾತ್ರಿ ಊಟದ ತಟ್ಟೆಯ ಮುಂದೆ ಕಾಗದ ಹಿಡಿದು ಬಂದದ್ದು, ಅಮ್ಮ, ಇವರು ಕೊಡೋದು ಎರಡೇ ಎರಡು ಪುಟ್ಟ ಸಾಲು, ನನ್ನ ಗುಣಗಾನವೆಲ್ಲ ಅದರಲ್ಲಿ ಹಿಡೀತಿಲ್ಲ, ನೀನು ಕತ್ತರಿಸಿಕೊಡು. ಇವರು ಕತ್ತರಿಸಿದರು. ಅನುಭವಿ ಎಂಬುದನ್ನು ಹೊಡೆದು ಹಾಕಿದರು, ಅದ್ಭುತ, ವಿಶ್ವವಿಖ್ಯಾತ, ಎಲ್ಲಕ್ಕೂ ಗೀಟು. ನೀನು ಏನು ಮಾಡುತ್ತೀಯೋ ಅದನ್ನು ಬರೆ, ಉಳಿದವರು ಏನು ಮಾಡುವುದಿಲ್ಲವೋ ಅದನ್ನು ಬರೆ. ಆ ಇನ್ನೊಬ್ಬ ಗೈಡು ಲಕ್ಕಪ್ಪ ಅರ್ಧ ಗಂಟೆಯಲ್ಲಿ ಇಡೀ ದೇವಸ್ಥಾನ ಸುತ್ತಿಸಿ ಬಾಗಿಲಿಗೆ ತಂದು ಬಿಡುತ್ತಾನೆ, ನೀನು? ನಾನು ಅವಸರ ಮಾಡಲ್ಲ. ಸರಿ, ಅದನ್ನೇ ಬರೆ. ಅವಸರವಿಲ್ಲದೆ ತೋರಿಸುತ್ತೇನೆ. ಆಮೇಲೆ ಮನುವೇ ಕುಣಿದಾಡಿಕೊಂಡು ಫೋನ್ ಮಾಡಿದ್ದ, ಮೇಡಂ ನಿಮ್ಮ ಸಾಲು ಗೆದ್ದುಬಿಡ್ತು, ಬರೀ ದುಡ್ಡಿನ ಕೂಗಲ್ಲ ಈಗ, ಜನ ಯಾವ ಸಾಲನ್ನ ಹೆಚ್ಚು ಒತ್ತುತಾರೋ ಅದನ್ನ ಕಂಪನಿನೇ ಮೇಲಕ್ಕೆತ್ತುತ್ತೆ, ಟ್ರಾವೆಲ್ಸ್‌ನೋರು ಜಾಸ್ತಿ ಕೊಟ್ರೂ ಅಕ್ಕನೇ ಮೇಲೆ. ಅಂದು ಹೆಮ್ಮೆಯಿಂದ ಎರಡು ಹೋಳಿಗೆ ಹೆಚ್ಚಾಗಿ ತಿಂದಿದ್ದರು. ಇಂದು ಅದೇ ಸಾಲು ಉಗುರಿನಿಂದ ಕೆರೆದರೂ ಏಳುವುದಿಲ್ಲ. ಶಿವನೇ, ಕೆಟ್ಟದಾಗಿ ಬರೆದಿದ್ದರೆ ಎಂದೋ ಕೆಳಗೆ ಜಾರಿ ಮಾಯವಾಗಿರುತ್ತಿತ್ತಲ್ಲ.

ಉಳಿದಿರೋದು ಒಂದೇ ದಾರಿ ಮೇಡಂ, ಹಣ ಮುಗಿದ್ರೆ ತಾನಾಗೇ ಇಳಿಯುತ್ತೆ, ಮುಂದಿನ ವಾರ ಮತ್ತೆ ಕಟ್ಟಬೇಕು ಅಂತಿದ್ರು ಅಕ್ಕ, ಅಂದ್ರೆ ತಳ ಕಂಡಿರಬೇಕು. ಹಾಗಾದರೆ ನಾನೇ ಒತ್ತಿ ಮುಗಿಸುತ್ತೇನೆ. ಒಂದೇ ಕಡೆಯಿಂದ ಒತ್ತಿದ್ರೆ ಲೆಕ್ಕಕ್ಕೆ ಹಿಡಿಯಲ್ಲ ಮೇಡಂ, ಎದುರು ಪಾರ್ಟಿಯೋರ ದುಡ್ಡು ಮುಗಿಸೋಕೆ ಹಂಗೇ ಕೂತ್ಕೊಂಡು ಒತ್ತೋರು ಹೆಚ್ಚಾಗಿ ಈಗ ಕಂಪನಿ ಹುಷಾರಾಗ್ಬಿಟ್ಟಿದೆ, ಊರೂರಲ್ಲಿ ಬೇರೆ ಬೇರೆ ಮಿಷನ್‌ನಲ್ಲಿ ಒತ್ತಬೇಕು. ಊರೂರಿನಲ್ಲಿ ಒತ್ತಬೇಕು! ಬಲಗೈ ಮೂಷಕದಂಥ ಆ ಸಾಧನದ ಮೇಲೆ, ಹೆಸರಿನ ಹತ್ತಿರ ಒಯ್ದರೆ ಬಾಣದ ಗುರುತು ಸಣ್ಣ ಬಿಳಿ ಕೈಯಾಗುತ್ತದೆ, ಒಂದೇ ಬೆರಳು ಚಾಚಿದ ಕೈ. ಕೈ ಬಂತಾ, ಕೈ ಬಂದ್ರೆ ಒತ್ತಬಹುದು ಅಂತ, ಎಂದು ಕಲಿಸಿದ್ದಳು ಮಗಳು. ದೇವರ ಕಡೆ ಒಂಟಿ ಬೆರಳು ಚಾಚಬಾರದು, ಅಂಗೈ ಅಗಲಿಸಿ ತೋರಿಸಬೇಕು, ಎಂದು ಅವಳು ಸೊಂಟಕ್ಕೆ ಬರುವಷ್ಟಿದ್ದಾಗಿನಿಂದ ಇವರು ಹೇಳಿದ್ದು, ಗೈಡಾದ ಮೇಲೂ ಅವಳು ಗೋಡೆಯ ಮೇಲಿನ ಆನೆಯ ಸಾಲನ್ನಾಗಲಿ ಗಜಾಸುರನನ್ನಾಗಲಿ ಬೆರಳಿನಿಂದ ತೋರಿಸಿದವಳಲ್ಲ, ಹೂವಿನ ತಟ್ಟೆ ಹಿಡಿದಂತೆ ಅಂಗೈ. ಇದೇನೇ ಇದು, ಬೆರಳು ಚಾಚಿಕೊಂಡು ಬರುತ್ತದೆ, ಎಂದಿದ್ದಕ್ಕೆ, ಕಂಪನಿಯೋರಿಗೆ ನಿನ್ನಂಥ ಅಮ್ಮ ಇರ್ಲಿಲ್ಲ ಕಣಮ್ಮ, ಎಂದಳು. ಒತ್ತಿದರು. ಪುಟ ತೆರೆಯಿತು, ಅವಳು ಗೋಡೆಯ ಪಕ್ಕ ಅಂಗೈ ಅಗಲಿಸಿ ನಿಂತಿದ್ದಾಳೆ. ಮುಚ್ಚಪ್ಪ, ಮುಚ್ಚು, ನಾನು ನೋಡಲು ಬಂದವಳಲ್ಲ.

ಬೇಲೂರಿನಲ್ಲಿ ಇನ್ನೊಂದು ಸೆಂಟರು ಹುಡುಕಿ ಅಲ್ಲೂ ಒತ್ತಿದ್ದಾಯಿತು, ಹೆಸರು ಅಲುಗಲಿಲ್ಲ, ಈಗ ಅರಸೀಕೆರೆಯ ಬಸ್ಸು, ಕಿಟಕಿಯ ಸರಳಿಗೆ ಹಣೆ ತಾಗಿ ತಾಗಿ ವಿಭೂತಿ ಅಳಿಸಿರಬೇಕು, ಒಂದು ಹೆಸರನ್ನು ಅಳಿಸಲು ಎಷ್ಟು ಊರು ತಿರುಗಬೇಕು, ಹೆಸರಿಡಲು ಒಂದೇ ತೊಟ್ಟಿಲು ಸಾಕಾಗಿತ್ತು. ಹಳೇಬೀಡು, ಹಳೇಬೀಡು, ಇಳಿಯೋರು ಬೇಗ ಇಳೀರಿ, ಎಂದು ಕಂಡಕ್ಟರು ಕೂಗುತ್ತಾನೆ, ನೀನೂ ಕೂಗು, ಎಲ್ಲರೂ ಕೂಗಿ. ಇಳಿಯಲಿಲ್ಲ. ದೇವಸ್ಥಾನದ ಬೇಲಿಯಾಚೆ ಕೊಡೆ ಹಿಡಿದ ಜನ, ಅವರ ಮುಂದೆ ಲಕ್ಕಪ್ಪ, ಒಂದು ಕಾಲಕ್ಕೆ ಅವಳನ್ನು ಕಂಡರೆ ಹೆಂಗಸ್ರಿಗ್ಯಾಕಮ್ಮ ಈ ಬಿಸಿಲು ಎಂದು ಮೂದಲಿಸುತ್ತಿದ್ದವನು, ಮಣ್ಣಿಗೆ ಬಂದಾಗ ಮೂಲೆಯಲ್ಲಿ ನಿಂತಿದ್ದ, ಟೀಚರಮ್ಮ, ಅವತ್ತು ರೈಲಿಗಿಳಿದೋರು ಮಧ್ಯಾಹ್ನ ತಾವೇ ಬಂದ್ರು, ಅವರ್ಗೆ ಏನೂ ಗೊತ್ತಿರ್ಲಿಲ್ಲ, ಗೈಡ್ ಬರ್ಲಿಲ್ಲ ಅಂತ ಬೈಕೊಂತಿದ್ರು, ನಾನೇ ತೋರಿಸ್ದೆ, ಇನ್ನೇನ್ ಮಾಡ್ಲಿ. ಅವಸರದಲ್ಲಿ ತೋರಿಸಿದೆಯೇನೋ? ಇಲ್ಲ ಕಣಮ್ಮ, ಅವತ್ತೊಂದಿನ ನಿಧಾನಕ್ಕೇ ತೋರಿಸ್ದೆ. ಬಸ್ಸು ಹೊರಟಿತು, ಕೆರೆ ಹಿಂದೆ ಹೋಯಿತು, ಜಾವಗಲ್ ಬಂತು, ಹೋಯಿತು, ತೆಂಗು, ತೆಂಗು, ಮತ್ತೆ ತೆಂಗು, ಇದೇ ದಾರಿ, ಆ ಬೆಳಿಗ್ಗೆ ಅವಳೂ ಇದೇ ದಾರಿಯಲ್ಲಿ, ಬಹುಶಃ ಕಿಟಕಿಯ ಪಕ್ಕವೇ. ಏಳು ಬೇಗ, ರೈಲು ನಿನಗಾಗಿ ಕಾಯುವುದಿಲ್ಲ, ಎಂದು ಎಬ್ಬಿಸಿದವರು ಯಾರು? ಹುಟ್ಟಿದಾಗಿನಿಂದ ಬೇಗ ಬೇಗ ಎಂದವರು ಯಾರು? ಸಾಕು. ಆ ಮಾತು ಬೇಡ.

ಅರಸೀಕೆರೆಯಲ್ಲಿ ಇಳಿದರೆ ಕೊಬ್ಬರಿಯ ಕಮಟು, ಲಾರಿಗಳ ಹೊಗೆ, ಎಲ್ಲೋ ರೈಲಿನ ಕೂಗು, ಆಟೋದವರು ಎಲ್ಲಿಗಮ್ಮ ಎಲ್ಲಿಗಮ್ಮ, ಯಾರ ಮುಖವನ್ನೂ ನೋಡದೆ ನಡೆದೇ ಹೋದರು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಸೆಂಟರು, ಪ್ಲೈವುಡ್ ಗೂಡುಗಳು, ಮೇಜಿನ ಹುಡುಗಿಯ ಎದೆಯ ಮೇಲೆ ಸುಷ್ಮಿತಾ ಎಂಬ ಚೀಟಿ. ಏನ್ ನೋಡ್ಬೇಕಿತ್ತಜ್ಜಿ, ರಿಸಲ್ಟಾ? ಹೂಂ. ಮೊಮ್ಮಗಂದಾ? ಅಲ್ಲಮ್ಮ, ಮಗಳದು. ಪಾಸಾಗಿರ್ತಾರೆ ಬಿಡಿ ಅಜ್ಜಿ, ಯಾಕಷ್ಟು ಟೆನ್ಷನ್ ಮಾಡ್ಕೊಂಡಿದೀರ, ನೀರು ಕುಡೀರಿ. ಎಂಥ ಹುಡುಗಿ, ಇವಳ ಮೇಲೆ ಸಿಟ್ಟು ಬರುತ್ತಿಲ್ಲವಲ್ಲ. ನಾನೇ ಹೊಡೆಯುತ್ತೇನೆ, ನೀನು ಹೋಗು, ಕಲಿತಿದ್ದೇನೆ. ಒಂದೊಂದೇ ಅಕ್ಷರ ಹುಡುಕಿ ಹುಡುಕಿ, ಹಳೇಬೀಡು, ಸರಿಯಾದ ಕಾಗುಣಿತದ ಹಳೇಬೀಡು, ಪರದೆ ಬಿಳಿಯಾಗಿ ಯೋಚಿಸುತ್ತದೆ, ಈ ಕ್ಷಣದಲ್ಲೇ ಒಳಗೆ ಕೂಗು ನಡೆಯುತ್ತಿದೆ, ಯಾರ್ಯಾರೋ ನಮ್ಮೂರನ್ನು ಕೂಗುತ್ತಿದ್ದಾರೆ, ನೀಲಿ ಅಕ್ಷರ ಬಂತು, ಅವಳೇ ಮೇಲೆ, ಇನ್ನೂ ಅವಳೇ, ಅವಸರವಿಲ್ಲದೆ. ಇಳಿಯಲಿ ಇವತ್ತು, ನಿನಗೆ ಸಾಕಮ್ಮ, ಇನ್ನು ಯಾರೂ ಕರೆಯುವುದು ಬೇಡ, ಬೆಳಿಗ್ಗೆ ಎದ್ದು ಯಾರ ರೈಲಿಗೂ ಹೋಗುವುದು ಬೇಡ, ಬಾಣ ಮೆಲ್ಲಗೆ ಹೆಸರಿನ ಮೇಲೆ, ಬಿಳಿ ಕೈ ಬಂತು, ಒಂಟಿ ಬೆರಳು, ಒತ್ತಿದರು, ಪುಟ ತೆರೆಯಿತು, ಅಂಗೈ ಅಗಲಿಸಿ ನಿಂತಿದ್ದಾಳೆ, ಈ ಸಲ ಮುಚ್ಚಲು ಯಾರನ್ನೂ ಕರೆಯಲಿಲ್ಲ, ಹುಬ್ಬಿನ ಮೇಲಿನ ಕೂದಲು, ಅವತ್ತು ಗಾಳಿ ಇತ್ತು, ಮಾಸಿದ ಹಸಿರು ಸೀರೆ, ನನ್ನದೇ ಅದು.

ಇನ್ನೂ ಮುಗಿದಿರಲಾರದು, ತಿಪಟೂರಿಗೂ ಹೋಗಬೇಕಾಗುತ್ತದೋ ಏನೋ, ಕಡೆಯ ಬಸ್ಸು ಎಷ್ಟು ಹೊತ್ತಿಗೋ, ಎಂದುಕೊಳ್ಳುತ್ತಾ ಹಿಂದಕ್ಕೆ ಬಂದು ಮತ್ತೆ ಹುಡುಕುತ್ತಾರೆ, ಹಳೇಬೀಡು, ಪರದೆ ಬಿಳಿ, ನೀಲಿ ಅಕ್ಷರ, ಬೆಂಗಳೂರು ಟ್ರಾವೆಲ್ಸ್, ಇನ್ನೊಂದು ಟ್ರಾವೆಲ್ಸ್, ಒಂದೇ ದಿನದಲ್ಲಿ ಬೇಲೂರು ಹಳೇಬೀಡು ಶ್ರವಣಬೆಳಗೊಳ, ಮತ್ತೊಂದು, ಕೆಳಗೆ, ಇನ್ನೂ ಕೆಳಗೆ — ಇಲ್ಲ. ಕನ್ನಡಕ ಒರೆಸಿ ನೋಡಿದರು. ಇಲ್ಲ. ಬೇರೆಯವರೆಲ್ಲ ಒಂದು ಮೆಟ್ಟಿಲು ಮೇಲೆ ಹತ್ತಿ ಕೂತಿದ್ದಾರೆ. ತಪ್ಪು ಕಾಗುಣಿತದಲ್ಲೂ ಹುಡುಕಿದರು, ಅವಳು ಬೆಂಚಿನ ಮೇಲೆ ನಿಲ್ಲಿಸದೆ ಬಿಟ್ಟ ತಪ್ಪುಗಳನ್ನೆಲ್ಲ ಒಂದೊಂದಾಗಿ ಹೊಡೆದು, ಅಲ್ಲಾದರೂ, ಅಲ್ಲಾದರೂ. ಇಲ್ಲ. ಏನಾಯ್ತಜ್ಜಿ, ಸಿಕ್ತಾ ರಿಸಲ್ಟು, ಎಂದು ಸುಷ್ಮಿತಾ ಕೇಳುತ್ತಿದ್ದಾಳೆ, ಸಿಕ್ಕಿತಮ್ಮ, ಬೇಕಾದದ್ದೇ ಸಿಕ್ಕಿತು, ಬೆಳಗಿನಿಂದ ಇದಕ್ಕಾಗಿಯೇ ಅಲೆದದ್ದು, ಇನ್ನು ಎದ್ದು ಹೊರಡಬೇಕು, ನಾಳೆಗೆ ಹೂವು ತರಬೇಕು, ಏಳಬೇಕು, ಆದರೆ ಕೈ ಆ ಸಾಧನವನ್ನು ಬಿಡುತ್ತಿಲ್ಲ, ಬಾಣವನ್ನು ಬಲಗಡೆಯ ಬಿಳಿಯ ಮೇಲೆ ಮೆಲ್ಲಗೆ ಒಯ್ಯುತ್ತಾರೆ, ಕೆಳಗಿನ ಖಾಲಿಗೆ, ಬಾಣ ಬಾಣವಾಗಿಯೇ ಇದೆ, ಸ್ವಲ್ಪ ಪಕ್ಕಕ್ಕೆ, ಬಾಣ, ಮತ್ತೆ ಪಕ್ಕಕ್ಕೆ, ಕೈ ಬರಲಿಲ್ಲ, ಶಿವನೇ, ಹೊಯ್ಸಳೇಶ್ವರನೇ, ಅವಳು ನಿನ್ನ ಬಳಿಗೆ ಬಂದಿದ್ದಾಳೆ, ಬೇಗ ಎನ್ನಬೇಡ ಅವಳಿಗೆ, ನಿನ್ನ ಮನೆಯನ್ನು ಅಂಗೈ ಅಗಲಿಸಿ ತೋರಿಸು, ಅವಸರವಿಲ್ಲದೆ ತೋರಿಸು, ಅವಳ ಜೀವಕ್ಕೆ ಶಾಂತಿ ಕೊಡು, ಕೈ ಬರಲಿಲ್ಲ, ಬಿಳಿಯ ಮೇಲೆ ಬಾಣ, ಕೈ ಬರಲಿಲ್ಲ.